ಮೊದಲು ಗಾಡಿ, ಆಮೇಲೆ ಮನೆ

ಮಗಾ, ಸರಕಿನ ವ್ಯಾನ್ ಒಂದನ್ನು ಕೊಂಡು, ಅದರೊಳಗೆ ಪುಟ್ಟದೊಂದು ಮನೆ ಮಾಡಿಕೊಂಡು, ನೀನೂ ಸೊಸೆಯೂ ವರ್ಷದಲ್ಲಿ ಕೆಲವು ತಿಂಗಳು ಊರೂರು ತಿರುಗಬೇಕೆಂದಿದ್ದೀರಿ ಎಂದು ನಿಮ್ಮಪ್ಪ ಹೇಳಿದ. ಅವನಿಗೆ ಚಿಂತೆ ಹತ್ತಿದೆ. ನನಗೆ ಸಂತೋಷವಾಯಿತು. ಬಸ್ಸಿಗೂ ವ್ಯಾನಿಗೂ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬದುಕು ಕಳೆದವನು ನಾನು. ಬರೀ ತಗಡಿನ ಡಬ್ಬಿಯೊಳಗೆ ಮನುಷ್ಯರು ಕೂರುವ, ಮಲಗುವ ಜಾಗ ಎದ್ದು ನಿಲ್ಲುವುದನ್ನು ನೋಡುವ ಖುಷಿ ನನಗೆ ಇನ್ನೂ ಹಳತಾಗಿಲ್ಲ. ಕೆಲಸ ಬಲ್ಲವನು ಎಂಬ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೋ.

ನೀನು ಬರೆದಿರುವ ನಕ್ಷೆ ನೋಡಿದೆ. ಮಂಚ ಇದೆ, ಮಡಚುವ ಮೇಜಿದೆ, ಅಡುಗೆಕಟ್ಟೆ ಇದೆ, ಪುಸ್ತಕಕ್ಕೊಂದು ಶೆಲ್ಫ್ ಕೂಡ ಇದೆ. ಚೆಂದವಾಗಿದೆ. ಆದರೆ ಇಡೀ ನಕ್ಷೆಯಲ್ಲಿ ಗಾಡಿಯೇ ಇಲ್ಲ. ಹಿಂದಿನ ಆ್ಯಕ್ಸಲ್ ಎಲ್ಲಿ ಬರುತ್ತದೆ, ಡೀಸೆಲ್ ಟ್ಯಾಂಕ್ ಯಾವ ಮಗ್ಗುಲಿಗಿದೆ, ಸೈಲೆನ್ಸರ್ ಎಲ್ಲಿ ಹೊಗೆ ಬಿಡುತ್ತದೆ, ಸ್ಟೆಪ್ನಿ ಎಲ್ಲಿಂದ ಇಳಿಸಬೇಕು, ಒಂದಕ್ಕೂ ಗುರುತಿಲ್ಲ. ನಿನ್ನ ವಯಸ್ಸಿನವರು ಇದನ್ನು ಮೊದಲು ಮನೆಯೆಂದು ಯೋಚಿಸಿ, ಚಕ್ರವಿದೆ ಎಂಬುದನ್ನು ಆಮೇಲೆ ನೆನೆಸಿಕೊಳ್ಳುತ್ತಾರೆ. ನೀನು ಹಾಗೆ ಮಾಡಬೇಡ. ಗುಂಡಿ ಹಾರುವ, ಘಟ್ಟ ಇಳಿಯುವ, ನಾಯಿ ಅಡ್ಡ ಬಂದರೆ ಗಕ್ಕನೆ ನಿಲ್ಲಬೇಕಾದ ಗಾಡಿ ಅದು. ಆ ಗಾಡಿ ಒಪ್ಪುವಷ್ಟು ಮಾತ್ರ ಮನೆ ಕಟ್ಟಬೇಕು.

ಮೊದಲು ತೂಕದ ಮಾತು. ಸರಕಿನ ವ್ಯಾನ್ ಟನ್‌ಗಟ್ಟಲೆ ಹೊರುತ್ತದೆ, ನಮ್ಮ ಮಂಚ ಪಾತ್ರೆ ಯಾವ ಲೆಕ್ಕ ಎಂದು ನೀನು ಕೇಳಬಹುದು. ಟಾಟಾ ವಿಂಗರ್ ಕಾರ್ಗೋ 1,680 ಕಿಲೋ ಹೊರುತ್ತದೆಂದು ಕಂಪನಿಯೇ ಹೇಳುತ್ತದೆ, ನಿಜ. ಆದರೆ ಸರಕು ಸಂಜೆಗೆ ಇಳಿಯುತ್ತದೆ, ಮನೆ ಇಳಿಯುವುದಿಲ್ಲ. ಹಗಲೂ ರಾತ್ರಿ, ನಿಂತಾಗಲೂ ಓಡುವಾಗಲೂ ಸ್ಪ್ರಿಂಗ್ ಪಟ್ಟಿಗಳ ಮೇಲೆ, ಟಯರುಗಳ ಮೇಲೆ ಅದು ಕೂತೇ ಇರುತ್ತದೆ. ಇನ್ನೊಂದು ಸಂಗತಿ, ಸರಕು ನೆಲದ ಮೇಲೆ ಕೂರುತ್ತದೆ, ಮನೆ ಗೋಡೆ ಹತ್ತುತ್ತದೆ. ತಲೆಯ ಮಟ್ಟಕ್ಕೆ ಬೀರು ಕಟ್ಟಿ ಅದರಲ್ಲಿ ಅಕ್ಕಿ ಬೇಳೆ ತುಂಬಿಟ್ಟರೆ ತಿರುವಿನಲ್ಲಿ ಗಾಡಿ ವಾಲುವ ರೀತಿಯೇ ಬೇರೆ.

ಲೆಕ್ಕ ಹಾಕು. ಎಂಟಡಿಗೆ ನಾಲ್ಕಡಿಯ 18 ಎಂಎಂ ಪ್ಲೈವುಡ್ ಹಾಳೆ ಒಂದಕ್ಕೆ 30 ಕಿಲೋ ಮೀರುತ್ತದೆ. ಮನೆಯ ಬಡಗಿಯನ್ನು ಕರೆದರೆ ಅವನು ಕಣ್ಣು ಮುಚ್ಚಿ ಅಂಥ ಹತ್ತು ಹಾಳೆ ಬರೆಸುತ್ತಾನೆ, ಅವನ ಅಭ್ಯಾಸ ಅದು. ಅಲ್ಲಿಗೇ 300 ಕಿಲೋ ಹೋಯಿತು. ಅಡುಗೆಕಟ್ಟೆಗೆ ಗ್ರಾನೈಟ್ ಬೇಕೆಂದು ಸೊಸೆಗೆ ಆಸೆಯಂತೆ. 20 ಎಂಎಂ ಗ್ರಾನೈಟ್ ಚದರಡಿಗೆ ಹತ್ತಿರ ಹತ್ತಿರ 5 ಕಿಲೋ ತೂಗುತ್ತದೆ, ಸಾಲದ್ದಕ್ಕೆ ಗುಂಡಿಗೆ ಬಿದ್ದಾಗ ಬಿರುಕು ಬಿಡುತ್ತದೆ. ಬೇಡ ಎಂದು ಪ್ರೀತಿಯಿಂದ ಹೇಳು. ನೀರು ಲೀಟರಿಗೊಂದು ಕಿಲೋ, ನೂರು ಲೀಟರಿನ ಟ್ಯಾಂಕ್ ತುಂಬಿಸಿದರೆ ನೂರು ಕಿಲೋ. ಆ ನೀರು ಸುಮ್ಮನೆ ಕೂರುವುದೂ ಇಲ್ಲ, ಬ್ರೇಕ್ ಹೊಡೆದಾಗ ಮುಂದಕ್ಕೆ ನುಗ್ಗುತ್ತದೆ. ಅದಕ್ಕೇ ಟ್ಯಾಂಕಿನೊಳಗೆ ಅಡ್ಡಪಟ್ಟಿ ಇರಬೇಕು, ಟ್ಯಾಂಕ್ ಎರಡು ಆ್ಯಕ್ಸಲ್‌ಗಳ ನಡುವೆ, ನೆಲಕ್ಕೆ ಅಂಟಿದಂತೆ ಇರಬೇಕು. ಇನ್ವರ್ಟರಿಗೆ ಹಾಕುವ ದೊಡ್ಡ ಟ್ಯೂಬುಲರ್ ಬ್ಯಾಟರಿ 50 ಕಿಲೋ ಮೀರುತ್ತದೆ.

ಚೌಕಟ್ಟಿಗೆ ಅಲ್ಯೂಮಿನಿಯಂ ಸೆಕ್ಷನ್ ಹಾಕಿಸು, ಮೈಗೆ 9 ಅಥವಾ 12 ಎಂಎಂ ಹಾಳೆ ಧಾರಾಳ ಸಾಕು. ಬಡಗಿಗಿಂತ ಬಸ್ ಬಾಡಿ ಕಟ್ಟಿದ ಕೈ ಈ ಕೆಲಸಕ್ಕೆ ಒಳ್ಳೆಯದು. ಮನೆಯ ಬಡಗಿ ಮೊಳೆ ಹೊಡೆಯುತ್ತಾನೆ, ಗಾಡಿ ಅಲುಗಿ ಅಲುಗಿ ಮೊಳೆಯನ್ನು ಹೊರಗೆ ನೂಕುತ್ತದೆ. ನಮ್ಮವರು ಬೋಲ್ಟ್ ಹಾಕಿ, ತನ್ನಷ್ಟಕ್ಕೆ ಸಡಿಲವಾಗದ ನೈಲಾಕ್ ನಟ್ಟು ಬಿಗಿಯುತ್ತಾರೆ. ಬಿಗಿಯುವುದು ತಗಡಿನ ಮೈಗೆ ಅಲ್ಲ, ಒಳಗಿನ ಪಕ್ಕೆಲುಬಿನ ಪಟ್ಟಿಗೆ. ಡ್ರಾಯರಿಗೆ, ಬೀರುವಿನ ಬಾಗಿಲಿಗೆ ಒತ್ತಿದರಷ್ಟೇ ಬಿಡುವ ಚಿಲಕ ಇರಲಿ. ಮ್ಯಾಗ್ನೆಟ್ ನಂಬಬೇಡ. ಬ್ರೇಕ್ ಹೊಡೆದಾಗ ಕುಕ್ಕರ್ ನಿನ್ನ ತಲೆಯ ಹಿಂದಕ್ಕೆ ಹಾರಿ ಬರುವುದು ಮ್ಯಾಗ್ನೆಟ್ಟಿನ ಬೀರುವಿನಿಂದಲೇ.

ಖಾಲಿ ಗಾಡಿಯನ್ನು ಒಮ್ಮೆ, ಅರ್ಧ ಕೆಲಸವಾದಾಗ ಒಮ್ಮೆ, ಎಲ್ಲ ತುಂಬಿಸಿ ಇಬ್ಬರೂ ಕೂತು ಒಮ್ಮೆ ವೇ ಬ್ರಿಡ್ಜಿಗೆ ಒಯ್ಯಿ. ಮರಳು, ಜೋಳದ ಲಾರಿಗಳು ನಿಲ್ಲುವ ಅದೇ ವೇ ಬ್ರಿಡ್ಜ್. ಇಡೀ ಗಾಡಿ ತೂಗಿ ಬಂದುಬಿಡಬೇಡ. ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸು, ಹಿಂದಿನದು ಮಾತ್ರ ನಿಲ್ಲಿಸಿ ತೂಗಿಸು. ಆ ಎರಡು ಚೀಟಿ ಹೇಳುವಷ್ಟನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ವಿಂಗರ್ ಕೊಳ್ಳುವುದಾದರೆ ಇದು ಇನ್ನೂ ಮುಖ್ಯ, ಏಕೆಂದರೆ ಅದರ ಇಂಜಿನ್ ಮುಂದಿನ ಚಕ್ರವನ್ನು ತಿರುಗಿಸುತ್ತದೆ. ನೀರು, ಬ್ಯಾಟರಿ, ಸಾಮಾನು ಎಲ್ಲವನ್ನೂ ಹಿಂಬಾಗಿಲಿಗೆ ಒತ್ತಿಟ್ಟರೆ ಮೂತಿ ಹಗುರವಾಗಿ, ಮಳೆಯಲ್ಲಿ ಘಟ್ಟ ಹತ್ತುವಾಗ ಮುಂದಿನ ಚಕ್ರ ಜಾರುತ್ತದೆ. ಫೋರ್ಸ್ ಟ್ರಾವೆಲರ್‌ಗೆ ಹಿಂದಿನ ಚಕ್ರದ ಎಳೆತ, ಅದರ ಸ್ವಭಾವ ಬೇರೆ. ನೆಲ ಸ್ವಲ್ಪ ಎತ್ತರ, ಆದರೆ 1987ರಿಂದ ನಮ್ಮ ರಸ್ತೆಯಲ್ಲಿ ಓಡುತ್ತಿರುವ ಗಾಡಿ, ಯಾವ ತಾಲ್ಲೂಕಿಗೆ ಹೋದರೂ ಅದನ್ನು ಬಿಚ್ಚಿ ಬಲ್ಲ ಮೆಕ್ಯಾನಿಕ್ ಸಿಗುತ್ತಾನೆ. ನನ್ನ ಮನಸ್ಸು ಅದರ ಕಡೆಗಿದೆ. ಮಾರುತಿ ಓಮ್ನಿಯ ಆಸೆ ಬಿಡು. 2019ರಲ್ಲೇ ಅದರ ತಯಾರಿಕೆ ನಿಂತಿದೆ, ಮುಂದೆ ಮೂತಿಯೇ ಇಲ್ಲದ ಗಾಡಿ, ಡಿಕ್ಕಿಯಾದರೆ ಮೊದಲು ಏಟು ಬೀಳುವುದು ನಿನ್ನ ಮೊಣಕಾಲಿಗೆ.

ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯುವಾಗ, ಹತ್ತುವುದಕ್ಕೆ ಯಾವ ಗೇರ್ ಬೇಕಿತ್ತೋ ಅದೇ ಗೇರಿನಲ್ಲಿ ಇಳಿ. ಇಂಜಿನ್ ಹಿಡಿದುಕೊಳ್ಳಲಿ. ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟರೆ ಲೈನರ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ಹಿಡಿಯುವುದಿಲ್ಲ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಚಾಳಿಯ ಹತ್ತಿರ ಸುಳಿಯಬೇಡ.

ಈಗ ಉಸಿರಿನ ವಿಷಯ. ಇದರಲ್ಲಿ ನಾನು ಕಟ್ಟುನಿಟ್ಟು. 2024ರ ಡಿಸೆಂಬರ್‌ನಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಮೈಮೇಲೆ ಏಟಿಲ್ಲ, ಬೆಂಕಿ ಇಲ್ಲ. ಎ.ಸಿ. ಓಡಿಸಲು ಹಾಕಿದ್ದ ಜನರೇಟರಿನ ಹೊಗೆ ಒಳಗೆ ಸೇರಿ, ಅದರಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆದಿತ್ತು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿರುವವನಿಗೆ ಏಳಬೇಕು ಎನ್ನಿಸುವುದೇ ಇಲ್ಲ. ನೀನು ನೆಲದಲ್ಲಿ ಕೊರೆಯುವ ಪ್ರತಿ ತೂತಿನ ಮುಂದೆ ಆ ಇಬ್ಬರನ್ನು ನೆನೆಸಿಕೋ. ನೀರಿನ ಪೈಪಿಗೋ ವೈರಿಗೋ ಕೊರೆದ ತೂತನ್ನು ಸುತ್ತಲೂ ಸೀಲೆಂಟ್ ತುಂಬಿ ಮುಚ್ಚು. ಇಂಜಿನ್ ಚಾಲೂ ಇಟ್ಟು ಮಲಗಬೇಡ. ಜನರೇಟರ್ ಬೇಡವೇ ಬೇಡ. ಚಳಿಯೆಂದು ಇದ್ದಿಲ ಅಗ್ಗಿಷ್ಟಿಕೆಯನ್ನು ಒಳಗೆ ತರಬೇಡ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ದಿಂಬಿನ ಎತ್ತರಕ್ಕೆ ಹಾಕು. ಮೇಲೆ ಗಾಳಿ ಎಳೆದು ಹಾಕುವ ರೂಫ್ ಫ್ಯಾನ್, ಕೆಳಗೆ ಗಾಳಿ ಬರುವ ಜಾಲರಿಯ ಕಿಂಡಿ, ಎರಡೂ ಇರಲೇಬೇಕು. ಕಿಂಡಿ ಸೈಲೆನ್ಸರ್ ಇರುವ ಮಗ್ಗುಲಲ್ಲಿ ಬೇಡ.

ಅಡುಗೆಯ ವಿಷಯದಲ್ಲಿ ನಮ್ಮ ಜನರ ಹಳೆಯ ಬುದ್ಧಿವಂತಿಕೆಯೊಂದಿದೆ. ಕಾಶಿಗೋ ರಾಮೇಶ್ವರಕ್ಕೋ ಹೊರಡುವ ಯಾತ್ರೆಯ ಬಸ್ಸುಗಳನ್ನು ನೀನು ನೋಡಿರುತ್ತೀಯ. ಅಡುಗೆಯವರು, ಪಾತ್ರೆ, ಒಲೆ, ದಿನಸಿ ಎಲ್ಲ ಬಸ್ಸಿನಲ್ಲೇ ಬರುತ್ತವೆ. ಆದರೆ ಬೇಯಿಸುವುದು ಬಸ್ಸಿನೊಳಗಲ್ಲ. ಛತ್ರದ ಅಂಗಳವೋ ಮರದ ನೆರಳೋ ಸಿಕ್ಕಲ್ಲಿ ಒಲೆ ಇಳಿಸಿ, ಅಲ್ಲೇ ಅನ್ನ ಸಾರು ಮಾಡಿ, ತೊಳೆದು, ಮತ್ತೆ ಏರಿಸುತ್ತಾರೆ. ನೀನೂ ಹಾಗೇ ಮಾಡು. ನಿನ್ನ ನಕ್ಷೆಯಲ್ಲಿ ಅಡುಗೆಕಟ್ಟೆ ಮಂಚದ ಕಾಲ ಬುಡದಲ್ಲಿದೆ. ಅದನ್ನು ಹಿಂಬಾಗಿಲಿಗೆ ತಳ್ಳು. ಚಾನೆಲ್ ಹಾಕಿ ಹೊರಗೆ ಎಳೆಯುವ ದೊಡ್ಡ ಡ್ರಾಯರ್ ಮಾಡಿಸು, ಒಲೆ, ಹಲಗೆ, ಮಸಾಲೆ ಡಬ್ಬಿ ಅದರಲ್ಲೇ ಕೂರಲಿ. ಎರಡು ಬಾಗಿಲು ತೆರೆದಿಟ್ಟು ಮೇಲೆ ಟಾರ್ಪಾಲು ಕಟ್ಟಿದರೆ ಮಳೆಯಲ್ಲೂ ಅಡುಗೆಮನೆ ಸಿದ್ಧ. ಒಳಗೆ ಒಂದು ಸಲ ಮೆಣಸಿನಕಾಯಿ ಒಗ್ಗರಣೆ ಹಾಕಿ ನೋಡು, ಆ ಘಾಟು ಹಾಸಿಗೆಯಿಂದ ವಾರವಾದರೂ ಬಿಡುವುದಿಲ್ಲ. ಅನ್ನದ ಹಬೆ ತಣ್ಣನೆ ತಗಡಿಗೆ ತಾಗಿ ನೀರಾಗಿ, ಪ್ಲೈವುಡ್ಡಿನ ಬೆನ್ನಿಗಿಳಿದು ಬೂಸ್ಟು ಹಿಡಿಸುತ್ತದೆ. ಹೊರಗೆ ಬೇಯಿಸುವವರಿಗೆ ಇದ್ಯಾವುದರ ಕಾಟವೂ ಇಲ್ಲ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ, ನೆಲದಲ್ಲಿ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ತುಂಬಿಕೊಳ್ಳುತ್ತದೆ. ಮನೆಯ 14.2 ಕಿಲೋ ಸಿಲಿಂಡರ್ ಹೊತ್ತು ಹೋಗಬೇಡ. ಸಣ್ಣ ಸಿಲಿಂಡರನ್ನು ಹಿಂಬಾಗಿಲ ಪಕ್ಕದಲ್ಲಿ ಅದಕ್ಕೇ ಮಾಡಿದ ತಗಡಿನ ಗೂಡಿನಲ್ಲಿ ನಿಲ್ಲಿಸಿ ಬೆಲ್ಟ್ ಕಟ್ಟು. ಗೂಡಿಗೂ ಮಲಗುವ ಜಾಗಕ್ಕೂ ನಡುವೆ ಸಂದು ಇರಬಾರದು, ಗೂಡಿನ ತಳದಲ್ಲಿ ಮಾತ್ರ ರಸ್ತೆಗೆ ತೆರೆದ ತೂತು ಇರಬೇಕು. ಗಾಡಿ ಹೊರಡುವ ಮುಂಚೆ ರೆಗ್ಯುಲೇಟರ್ ಆಫ್ ಮಾಡುವುದನ್ನು ಕೈಗೆ ಅಭ್ಯಾಸ ಮಾಡಿಸು.

ಬಾಗಿಲನ್ನು ಒಮ್ಮೆ ಹತ್ತಿರದಿಂದ ನೋಡು. ಸರಕಿನ ವ್ಯಾನ್ ಮಾಡಿರುವುದು ಪೆಟ್ಟಿಗೆ ಮೂಟೆಗಳಿಗೆ, ಒಳಗಿನಿಂದ ಬಾಗಿಲು ತೆರೆಯುವ ಅಗತ್ಯ ಅವಕ್ಕಿಲ್ಲ. ಎಷ್ಟೋ ವ್ಯಾನುಗಳಲ್ಲಿ ಹಿಂಬಾಗಿಲಿಗೆ ಒಳಗಡೆ ಹಿಡಿಯೇ ಇರುವುದಿಲ್ಲ. ಹಾಸಿಗೆ ಹಾಕುವ ಮುಂಚೆ ನೀನು ಒಳಗೆ ಹೋಗಿ, ಸೊಸೆಯಿಂದ ಹೊರಗಿನಿಂದ ಬಾಗಿಲು ಹಾಕಿಸಿ, ಕತ್ತಲಲ್ಲಿ ಕೈ ತಡವಿ ತೆರೆಯಲು ಆಗುತ್ತದೆಯೇ ನೋಡು. ಎರಡು ಕಡೆ ದಾರಿ ಇರಬೇಕು, ಎರಡೂ ಒಳಗಿನಿಂದ ತೆರೆಯಬೇಕು. ಬೆಂಕಿ ನಂದಿಸುವ ಸಿಲಿಂಡರ್ ಮಲಗಿದಲ್ಲಿಂದ ಕೈಗೆ ಸಿಗುವಂತಿರಲಿ. ಹಿಂದುಗಡೆ ಮನುಷ್ಯರನ್ನು ಕೂರಿಸಿಯೋ ಮಲಗಿಸಿಯೋ ಗಾಡಿ ಓಡಿಸಬೇಡ. ಓಡುವಾಗ ಇಬ್ಬರೂ ಮುಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು.

ಕರೆಂಟಿನ ಕೆಲಸಕ್ಕೆ ಮನೆಯ ಎಲೆಕ್ಟ್ರಿಷಿಯನ್ ಬೇಡ, ಆಟೊ ಎಲೆಕ್ಟ್ರಿಷಿಯನ್ ಬೇಕು. ಮನೆಯ ಗೋಡೆಯೊಳಗಿನ ಗಟ್ಟಿ ತಂತಿಯ ವೈರ್ ಗಾಡಿಯ ನಡುಕಕ್ಕೆ ಒಳಗೊಳಗೇ ತುಂಡಾಗುತ್ತದೆ. ಗಾಡಿಗೆ ಎಳೆ ಎಳೆಯ ವೈರ್ ಬೇಕು, ತುದಿಗೆ ಒತ್ತಿ ಬಿಗಿದ ಲಗ್ ಬೇಕು. ನಾನು ಬಸ್ಸುಗಳ ಒಳಮೈ ಬಿಚ್ಚಿದಾಗ ಬೆಂಕಿಯ ಮೂಲ ಕಂಡದ್ದು ಹೆಚ್ಚಾಗಿ ಒಂದೇ ಕಡೆ, ತಗಡಿನ ತೂತಿನ ಅಂಚಿನಲ್ಲಿ. ವೈರ್ ಆ ಅಂಚಿಗೆ ಉಜ್ಜಿ ಉಜ್ಜಿ, ಮೇಲಿನ ಪ್ಲಾಸ್ಟಿಕ್ ಸವೆದು, ತಾಮ್ರ ಹೊಳೆಯುತ್ತಿರುತ್ತದೆ. ಅದು ತಗಡಿಗೆ ತಾಗಿದ ಗಳಿಗೆಯೇ ಕಿಡಿ. ನಾಲ್ಕು ಕಾಸಿನ ರಬ್ಬರ್ ಬುಷ್ ತೂತಿಗೆ ಸಿಕ್ಕಿಸಿದ್ದರೆ ಆ ಬಸ್ ಉಳಿಯುತ್ತಿತ್ತು. ಪ್ರತಿ ತೂತಿಗೂ ಬುಷ್, ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣು ದೂರದಲ್ಲೇ ದೊಡ್ಡ ಫ್ಯೂಸ್. ಇವೆರಡರಲ್ಲಿ ಜುಗ್ಗತನ ಬೇಡ.

ಇಂಡಕ್ಷನ್ ಒಲೆಯ ಕನಸು ಎಷ್ಟು ದುಬಾರಿ ಎಂದೂ ತಿಳಿದುಕೋ. 12 ವೋಲ್ಟ್ ಬ್ಯಾಟರಿಯಿಂದ 1,000 ವ್ಯಾಟ್ ಎಳೆದರೆ ಇನ್ವರ್ಟರ್ ನುಂಗುವುದೂ ಸೇರಿ 90 ಆಂಪಿಯರ್ ಮೇಲೆ ಹರಿಯುತ್ತದೆ. ಅದಕ್ಕೆ ಬೆರಳು ದಪ್ಪದ ಕೇಬಲ್ ಬೇಕು. 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದೇ ಒಂದೂಕಾಲು ಯೂನಿಟ್ ಚಿಲ್ಲರೆ. ಸಣ್ಣ ಫ್ರಿಜ್ಜು, ಫ್ಯಾನು, ದೀಪ, ನಿಮ್ಮಿಬ್ಬರ ಲ್ಯಾಪ್‌ಟಾಪು, ದಿನಕ್ಕೆ ಇಷ್ಟೇ ಅದನ್ನು ಮುಗಿಸುತ್ತವೆ. ಚಾವಣಿಯ ಮೇಲೆ 400 ವ್ಯಾಟ್ ಸೋಲಾರ್ ಹಾಕಿದರೆ ಚಿತ್ರದುರ್ಗದ ಬಿಸಿಲಿನಲ್ಲಿ ಅಷ್ಟು ಸಲೀಸಾಗಿ ತುಂಬುತ್ತದೆ, ಆಷಾಢದ ಆಗುಂಬೆಯಲ್ಲಿ ತುಂಬುವುದಿಲ್ಲ. ಅದಕ್ಕೇ ಇಂಜಿನ್ನಿನ ಆಲ್ಟರ್ನೇಟರ್‌ನಿಂದ ಡಿಸಿ-ಡಿಸಿ ಚಾರ್ಜರ್ ಮೂಲಕ ಇನ್ನೊಂದು ದಾರಿ ಇಟ್ಟುಕೋ. ಲಡಾಖಿಗೆ ಹೋಗುವ ಮಾತಾಡಿದ್ದೀಯಂತೆ. ಸೊನ್ನೆ ಡಿಗ್ರಿಗಿಂತ ಕೆಳಗಿಳಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಕೆಟ್ಟುಹೋಗುತ್ತದೆ. ಬ್ಯಾಟರಿ ಮಂಚದ ಕೆಳಗೆ, ನೀವು ಬೆಚ್ಚಗಿರುವ ಕಡೆಯೇ ಇರಲಿ.

ತಗಡು ಬಿಸಿಲಿಗೆ ಕಾಯುತ್ತದೆ, ಚಳಿಗೆ ಬೆವರುತ್ತದೆ. ಚಾವಣಿಗೆ ಬಿಳಿ ಬಣ್ಣ, ಒಳಮೈಗೆ ಸಂದಿಲ್ಲದಂತೆ ಅಂಟಿಸಿದ ನೈಟ್ರೈಲ್ ರಬ್ಬರ್ ಶೀಟ್. ಗ್ಲಾಸ್‌ವುಲ್ ತುಂಬಿಸಬೇಡ, ನೀರು ಹೀರಿ ಕೆಳಗೆ ಜಗ್ಗಿ ಕೂರುತ್ತದೆ. ಚಾವಣಿ ಕೊರೆದ ದಿನವೇ ಕೊರೆದ ಅಂಚಿಗೆ ಪ್ರೈಮರ್ ಹೊಡೆ, ನಾಳೆಗೆ ಬಿಟ್ಟರೆ ತುಕ್ಕು ಅಲ್ಲಿಂದಲೇ ಶುರು. ಸೊಳ್ಳೆ ಪರದೆ ಮರೆಯಬೇಡ.

ಕಾಗದ ಪತ್ರದ ಮಾತು ಬೇಸರದ್ದು, ಆದರೆ ಒಂದು ಮೊಳೆ ಹೊಡೆಯುವ ಮುಂಚೆ ಮುಗಿಯಬೇಕಾದ್ದು ಅದೇ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಇದೆ. ಕಾರ್ಖಾನೆಯವರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದರ ಮೇಲೆ ಹೇಳಿದೆ. ಕ್ಯಾರವಾನ್ ಕಟ್ಟುವುದಕ್ಕೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ, ಅದರ ಪ್ರಕಾರ ಅನುಮೋದನೆ ಪಡೆದು ಕಟ್ಟಿಕೊಡುವವರೂ ಇದ್ದಾರೆ. ಆದ್ದರಿಂದ ಮೊದಲು ಆರ್‌ಟಿಒ ಕಚೇರಿಗೆ ಹೋಗು. ಬ್ರೋಕರ್ ಕೈಗೆ ಕಾಗದ ಕೊಡದೆ ನೀನೇ ಹೋಗಿ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಕ್ಷೆ ಇಟ್ಟು, ಯಾವುದಕ್ಕೆ ಅನುಮತಿ ಬೇಕು, ಹಳದಿ ಬೋರ್ಡಿನ ಸರಕು ವಾಹನ ನಿನ್ನ ಸ್ವಂತ ಬಳಕೆಗೆ ಹೇಗೆ ಬದಲಾಗುತ್ತದೆ ಎಂದು ಕೇಳು. ಆರ್‌ಸಿಯಲ್ಲಿ ನಮೂದಾಗದ ಬದಲಾವಣೆ ಎಫ್‌ಸಿ ಹೊತ್ತಿಗೆ ಸಿಕ್ಕಿಬೀಳುತ್ತದೆ. ಅಪಘಾತವಾದರೆ ವಿಮೆಯವರು ಮೊದಲು ಎತ್ತಿ ತೋರಿಸುವುದು ಅದನ್ನೇ. ಚಾಸಿಗೆ ವೆಲ್ಡಿಂಗ್ ಮಾಡಿಸಬೇಡ. ಪೂರ್ತಿ ಅನುಮತಿ ಕೈಗೆ ಬರುವವರೆಗೆ ಬಿಚ್ಚಿ ತೆಗೆಯಬಹುದಾದ ಮಂಚ, ಬಿಚ್ಚಿ ತೆಗೆಯಬಹುದಾದ ಪೆಟ್ಟಿಗೆಗಳಲ್ಲೇ ಕಾಲ ತಳ್ಳು, ಅದನ್ನೂ ಕೇಳಿಕೊಂಡೇ ಮಾಡು.

ರಾತ್ರಿ ಎಲ್ಲಿ ನಿಲ್ಲುತ್ತೀರಿ ಎನ್ನುವುದರ ಮೇಲೆ ನಿಮ್ಮ ನೆಮ್ಮದಿ ನಿಂತಿದೆ. ಕಾಡಿನ ಅಂಚು ಚೆಂದ ಕಾಣುತ್ತದೆ, ಆದರೆ ಅದು ಆನೆಯ ದಾರಿ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದ ಇದೆ, ಆ ಲೆಕ್ಕ ಇಟ್ಟುಕೊಂಡು ಹೊರಡು. ಕತ್ತಲಾಗುವ ಮುಂಚೆ ಊರು ಸೇರಿ, ಪೆಟ್ರೋಲ್ ಬಂಕಿನವರನ್ನೋ ಗುಡಿಯವರನ್ನೋ ಕಂಡು, ಇಂಥವರು ನಾವು, ಒಂದು ರಾತ್ರಿ ಇಲ್ಲಿ ನಿಲ್ಲಬಹುದೇ ಎಂದು ಕೇಳಿ. ಕೇಳಿ ನಿಂತವರನ್ನು ನಮ್ಮ ಕಡೆ ಊರವರೇ ಕಾಯುತ್ತಾರೆ. ಗಾಡಿಯ ಮೂತಿ ರಸ್ತೆಯ ಕಡೆಗಿರಲಿ. ಕೀಲಿ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿರಲಿ. ಸೊಸೆಗೂ ಗಾಡಿ ಓಡಿಸಲು ಬರಬೇಕು, ತಗಡಿನ ಕೆಲಸ ಮುಗಿಯುವುದರೊಳಗೆ ಕಲಿಸು. ಅವಳಿಗೆ ಯಾವುದಾದರೂ ಜಾಗ ಸರಿಯೆನ್ನಿಸದಿದ್ದರೆ ಕಾರಣ ಕೇಳಬೇಡ, ಗಾಡಿ ತೆಗೆ.

ಸೋಪಿನ ನೀರನ್ನು ಹೊಳೆಗೆ ಬಿಡಬೇಡಿ, ಕ್ಯಾನಿನಲ್ಲಿ ಹಿಡಿದಿಟ್ಟು ಬಂಕಿನ ಚರಂಡಿಗೆ ಸುರಿಯಿರಿ. ಡಬ್ಬಿಯ ಟಾಯ್ಲೆಟ್ ಇಟ್ಟುಕೊಳ್ಳುವುದಾದರೆ ಅದನ್ನು ಖಾಲಿ ಮಾಡುವುದು ಶೌಚಾಲಯದ ಗುಂಡಿಗೆ ಮಾತ್ರ. ನೀವು ನಿಂತು ಹೋದ ಜಾಗದಲ್ಲಿ ನಾಳೆ ಯಾರದೋ ದನ ಮೇಯಬೇಕು, ಯಾರೋ ಬಟ್ಟೆ ಒಗೆಯಬೇಕು.

ಕೊನೆಯದಾಗಿ, ಪ್ಲೈವುಡ್ ತರುವ ಮುಂಚೆ ಖಾಲಿ ವ್ಯಾನಿನಲ್ಲಿ ಒಂದು ಚಾಪೆ, ಒಂದು ಕ್ಯಾನ್ ನೀರು, ಒಂದು ಸ್ಟವ್ ಹಾಕಿಕೊಂಡು ನಾಲ್ಕೈದು ರಾತ್ರಿ ಎಲ್ಲಾದರೂ ಹತ್ತಿರದಲ್ಲೇ ಕಳೆದು ಬನ್ನಿ. ಯಾವ ದಿಕ್ಕಿಗೆ ತಲೆ ಹಾಕಿದರೆ ನಿದ್ದೆ ಬರುತ್ತದೆ, ಚಪ್ಪಲಿ ಎಲ್ಲಿ ಬಿಡುತ್ತೀರಿ, ಒದ್ದೆ ಟವೆಲ್ ಎಲ್ಲಿ ಹರಡುತ್ತೀರಿ, ಇದನ್ನೆಲ್ಲ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡು ಆಮೇಲೆ ಅಳತೆ ತೆಗೆ. ಕೆಲಸ ಮುಗಿದ ಮೇಲಿನ ಮೊದಲ ಓಟ ಲಡಾಖಿಗೆ ಬೇಡ, ಸಕಲೇಶಪುರಕ್ಕೆ ಸಾಕು. ಐನೂರು ಕಿಲೋಮೀಟರ್ ಓಡಿದ ಮೇಲೆ ವ್ಹೀಲ್ ನಟ್ಟಿನಿಂದ ಹಿಡಿದು ಮಂಚದ ಬೋಲ್ಟಿನವರೆಗೆ ಪ್ರತಿಯೊಂದಕ್ಕೂ ಸ್ಪ್ಯಾನರ್ ಹಾಕಿ ನೋಡು. ಸಡಿಲವಾದದ್ದು ಯಾವುದೆಂದು ಒಂದು ಪುಸ್ತಕದಲ್ಲಿ ಬರೆದಿಡು. ಎರಡನೇ ಸಲವೂ ಅದೇ ಬೋಲ್ಟ್ ಸಡಿಲವಾಗಿದ್ದರೆ ಬಿಗಿದು ಸುಮ್ಮನಾಗಬೇಡ, ಅಲ್ಲಿ ತೂಕ ಹೆಚ್ಚಾಗಿದೆ, ಸಾಮಾನು ಇಳಿಸು.